ಅತ್ತಿಗೆ ಕೇಳಿದ ಆಲ್ಬಮ್

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರಲ್ಲಿ ನಾನೇ ಮೊದಲನೆಯವಳು. ಕಸುಬೇ ಹೊಲಿಗೆ ನೋಡಿ. ಅಲ್ಮಾಟಿಯ ನಾಟಕ ಮಂಡಳಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ರಾಜರಾಣಿಯರಿಗೆ ಬಟ್ಟೆ ಹೊಲಿಯುತ್ತಿದ್ದೇನೆ. ಹೆಸರು ಕುಲ್ಪಾಶ್.

ನನ್ನ ಹಿರಿಮಗ ಅಲ್ದಿಯಾರ್. ಹೆತ್ತವಳು ನಾನೇ, ಆದರೆ ನಮ್ಮ ಜನರ ಪದ್ಧತಿಯಂತೆ ಮೊದಲ ಮೊಮ್ಮಗು ಅಜ್ಜಿಯ ಮಡಿಲಿಗೆ ಸೇರಿದ್ದು, ಅವರದೇ ಮಗನೆಂಬ ಲೆಕ್ಕ. ಹಾಗಾಗಿ ಒಂದೇ ಮನೆಯಲ್ಲಿ ಬೆಳೆದರೂ ಅವನು ನನ್ನ ಅತ್ತೆಯನ್ನು 'ಅಮ್ಮ' ಎಂದ, ಅವರ ಸೊಸೆಯಾದ ನನ್ನನ್ನು 'ಅತ್ತಿಗೆ' ಎಂದ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಅಮ್ಮನ ಪಟ್ಟ ಇನ್ನಾದರೂ ನನಗೆ ಬಂದೀತೆಂದು ನಾಚಿಕೆಯಿಲ್ಲದೆ ಕಾಯುತ್ತಿದ್ದೆ. ಬರಲಿಲ್ಲ.

ಈ ವಸಂತದಲ್ಲಿ ಅವನು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು, ಕಂಪ್ಯೂಟರಿನಲ್ಲೇ ಹಾಡುಗಳ ಒಂದು ಆಲ್ಬಮ್ ಮಾಡಿ ಬಿಟ್ಟ. ಟ್ಯಾಕ್ಸಿಗಳಲ್ಲೂ ಅದೇ, ಕಾಫಿ ಅಂಗಡಿಗಳಲ್ಲೂ ಅದೇ ಅಂತೆ. ನನಗೋ ಒಂದು ಡುಮ್ ಡುಮ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು. ಆದರೆ ಅದರಲ್ಲಿ ಐದನೆಯ ಹಾಡಿನ ಹೆಸರು 'ಅಮ್ಮ' ಎಂದು ನನ್ನ ಜೊತೆ ಹೊಲಿಯುವ ಬಲ್ಜಾನ್ ಹೇಳಿದಳು. ಸಾಕಲ್ಲ! ಕೇಳುವ ಮೊದಲೇ ಮಗ ನನ್ನ ಮೇಲೆ ಹಾಡು ಕಟ್ಟಿದ್ದಾನೆಂದು ಊರಿಗೆಲ್ಲ ಡಂಗುರ ಸಾರಿದೆ. ಮರುದಿನ ದೊಡ್ಡ ಬುಟ್ಟಿ ತುಂಬ ಹಿಟ್ಟಿನುಂಡೆ, ನಮ್ಮ ಬೌರ್ಸಾಕ್, ಕರಿದು ಕೆಲಸಕ್ಕೆ ಹೊತ್ತೊಯ್ದೆ.

ಊಟದ ಬಿಡುವಿನಲ್ಲಿ ಎಲ್ಲರೂ ಸುತ್ತ ಕೂತರು. ಬಲ್ಜಾನ್ ಸ್ಪೀಕರ್ ಹಚ್ಚಿದಳು. ಮೊದಲ ಹಾಡು ಕೆಟ್ಟ ಫ್ರಿಜ್ಜಿನಂತೆ ಗುಂಯ್‌ಗುಟ್ಟಿತು. "ವಾಹ್!" ಅಂದೆ. ಎರಡನೆಯದರಲ್ಲಿ ಯಾರೋ ನಮ್ಮ ಎರಡು ತಂತಿಯ ದೊಂಬ್ರಾವನ್ನು ನೀರಿನ ತೊಟ್ಟಿಗೆ ಎತ್ತಿಹಾಕಿದ್ದರು. "ಎಂಥಾ ಕೈ!" ಅಂದೆ. ಐದನೆಯದಕ್ಕೆ ಬರುವಷ್ಟರಲ್ಲಿ ಕಣ್ಣೊರೆಸಿಕೊಳ್ಳಲು ಕರವಸ್ತ್ರವನ್ನೂ ಬಿಚ್ಚಿಟ್ಟುಕೊಂಡಿದ್ದೆ.

ಡುಮ್ ಡುಮ್ ಶುರುವಾಯಿತು. ಅದರ ಮೇಲೆ ನನ್ನ ಅತ್ತೆಯ ದನಿ: "ಲೇ ಸೊಸೆ, ಚಹಾ ಎಲ್ಲೇ?"

ಹಿಂದೆಯೇ ಒಂದು ತೆಳ್ಳನೆಯ ದನಿ: "ಬಂದೆ, ಬಂದೆ."

ಅಯ್ಯೋ ದೇವರೇ, ಅದು ನನ್ನದು! ಯಾವ ಕಾಲದಲ್ಲಿ ಫೋನಿನಲ್ಲಿ ಹಿಡಿದಿಟ್ಟಿದ್ದನೋ ಪಾಪಿ! ಬಂದೆ, ಬಂದೆ, ಬಂ-ಬಂ-ಬಂದೆ. ಇಡೀ ಅಲ್ಮಾಟಿ ಆರು ವಾರದಿಂದ ಕುಣಿಯುತ್ತಿದ್ದುದು ಇದಕ್ಕೇ!

"ಹಾಡು ನಿಮ್ಮತ್ತೇದು ಕಣೇ ಕುಲ್ಪಾಶ್! ನೀನು ಬರೀ ಹಿಮ್ಮೇಳ!" ಎಂದು ಬಲ್ಜಾನ್ ನನ್ನದೇ ಬೌರ್ಸಾಕ್ ಬಾಯಿಗಿಟ್ಟುಕೊಂಡು ನಕ್ಕಳು. ಉಳಿದವರು ಹೊಟ್ಟೆ ಹಿಡಿದುಕೊಂಡರು. ನಾನು ಇಂಗು ತಿಂದ ಮಂಗನಂತೆ ಕೂತಿದ್ದೆ. ಸಿಟ್ಟು ನೆತ್ತಿಗೇರಿತು. ಹಾಡು ನಿಲ್ಲಿಸಿ, ಅಲ್ಲೇ ಮಗನಿಗೆ ಫೋನ್ ಮಾಡಿದೆ.

"ಏನೋ, ಸತ್ತ ಮೇಲೂ ಅಮ್ಮನ ಪಟ್ಟ ಅವರಿಗೇ, ನನಗೆ ಚಹಾ ಕೊಡೋ ಕೆಲಸಾನಾ?"

"ಕೊನೇ ತನಕ ಕೇಳಿದ್ರಾ ಅತ್ತಿಗೆ?"

"ಎಲ್ಲಿ ಕೇಳ್ಲಿ, ಇವರ ನಗು ನಿಂತ್ರೆ ತಾನೆ!"

"ಚಿಕ್ಕವನಿದ್ದಾಗ ಕೆಟ್ಟ ಕನಸು ಬಿದ್ದು 'ಅಮ್ಮಾ' ಅಂತ ಕೂಗ್ದಾಗೆಲ್ಲ 'ಬಂದೆ, ಬಂದೆ' ಅಂತ ಎದ್ದು ಬರ್ತಿದ್ದವರು ಯಾರು? ನೀವು. ಅದಕ್ಕೇ ಆ ಹೆಸರಿಟ್ಟೆ."

ಕರವಸ್ತ್ರ ಕೈಗೆತ್ತಿಕೊಂಡೆ. ಆದರೂ ಬಿಟ್ಟೇನೇ? "ಹಾಗಾದ್ರೆ ಬಾಯ್ಬಿಟ್ಟು ಕರೆಯೋಕೇನೋ ಧಾಡಿ?"

"ಮೂವತ್ತು ವರ್ಷದ ಅಭ್ಯಾಸ. ನಾಲಿಗೆ ಹೊರಳಲ್ಲ ಅತ್ತಿಗೆ."

"ಆಯ್ತು, ಬಿಡಪ್ಪ," ಎಂದು ಫೋನ್ ಇಟ್ಟು, ಹಾಡನ್ನು ಕೊನೆಯವರೆಗೂ ಹಾಕು ಎಂದು ಬಲ್ಜಾನ್‌ಗೆ ಹೇಳಿದೆ. ಹಾಕಿದಳು. ಅತ್ತೆಯ ದನಿ ಕರಗಿತು. ಡುಮ್ ಡುಮ್ ನಿಂತಿತು. ನನ್ನ ದನಿಯೊಂದೇ ಉಳಿಯಿತು: "ಬಂದೆ, ಬಂದೆ." ಈ ಸಲ ಯಾರೂ ನಗಲಿಲ್ಲ. ನಾನು ಮಾತ್ರ ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ.