ಅಪ್ಪಯ್ಯನಿಗೆ ಹೇಳಿದ ಕಚೇರಿಗಳು

ಜಲಜಾಕ್ಷಿಗೆ ಮದರಾಸಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿದ್ದು 1954ರಲ್ಲಿ. ಅದೇ ವರ್ಷ ಮಳೆಗಾಲದಲ್ಲಿ ಅವಳ ತಂದೆ ಕಮಲಾಕರ ರಾಯರು ರೈಲ್ವೆ ಗೂಡ್ಸ್ ಶೆಡ್ಡಿನ ಒದ್ದೆ ಕಟ್ಟೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಆಮೇಲೆ ಅವರ ಓಡಾಟವೆಂದರೆ ಗೋಡೆ ಹಿಡಿದುಕೊಂಡು ಹಿತ್ತಿಲಿನ ತನಕ. ತಿರುವಲ್ಲಿಕೇಣಿಯಲ್ಲಿ ಐದು ಸಂಸಾರಗಳು ಹಂಚಿಕೊಂಡಿದ್ದ ಹಳೆಯ ಮನೆಯೊಂದರ ಮುಂದಿನ ಎರಡು ಕೋಣೆಗಳು ಇವರದು. ತಾಯಿ ಸರಸಮ್ಮ, ಶಾಲೆಗೆ ಹೋಗುವ ತಂಗಿ ವಿಮಲಾ, ಕಿಟಕಿಯ ಪಕ್ಕದ ಮಂಚದಲ್ಲಿ ರಾಯರು. ದುಡಿಯುವವಳು ಇಪ್ಪತ್ತನಾಲ್ಕರ ಜಲಜಾಕ್ಷಿ ಒಬ್ಬಳೇ.

ರಾಯರು ಬ್ರಹ್ಮಾವರದ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಮದರಾಸಿಗೆ ಬಂದವರು. ಹಾಡಲು ಬಾರದು, ಒಂದು ವಾದ್ಯವನ್ನೂ ಮುಟ್ಟಿದವರಲ್ಲ, ಆದರೆ ಸಂಗೀತ ಕೇಳುವುದೆಂದರೆ ಊಟ ಬಿಟ್ಟು ಓಡುವರು. ಮದರಾಸಿನಲ್ಲಿ ಸಂಗೀತ ಸಭೆಗಳು ನಡೆಯುವ ಡಿಸೆಂಬರ್ ಬಂತೆಂದರೆ ಗೂಡ್ಸ್ ಶೆಡ್ಡಿನಿಂದ ಮನೆಗೆ ಬಂದು, ಮುಖ ತೊಳೆದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈಲಾಪುರದ ತನಕ ನಡೆಯುತ್ತಿದ್ದರು. ಸಭೆಯ ಓಲೆಚಪ್ಪರದ ಹೊರಗೆ ನಿಂತು ಕೇಳಿ, ಮತ್ತೆ ನಡೆದೇ ಬರುತ್ತಿದ್ದರು. ಆರು ತುಂಬುವುದರೊಳಗೆ ಹುಡುಗಿಗೆ ತೋಡಿಯ ಗುರುತು ಹತ್ತಿತ್ತು. ಅವರು ಮಗಳಿಗೆ ಕಲಿಸಿದ ವಿದ್ಯೆ ಅದೊಂದೇ.

ಎಕ್ಸ್‌ಚೇಂಜಿನಲ್ಲಿ ಅವಳಿಗೆ ಆ ಕಿವಿಯೇ ಅನ್ನ ಕೊಟ್ಟಿತು. ಎಡಗಿವಿಗೆ ಹೆಡ್‌ಫೋನ್ ಏರಿಸಿ ಬೋರ್ಡಿನ ಮುಂದೆ ಕೂತರೆ, ಮಧುರೆ, ನೆಲ್ಲೂರು, ಬೆಂಗಳೂರು, ಕಲ್ಲಿಕೋಟೆ, ಎಷ್ಟೇ ಗುರುಗುಟ್ಟುವ ಲೈನಿನಲ್ಲೂ ಊರಿನ ಹೆಸರನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ವರ್ಷದ ಹನ್ನೊಂದು ತಿಂಗಳು ಅವಳ ದಿನ ಹೀಗೆ: ಬೆಳಗಾಗುವ ಮೊದಲೇ ನಲ್ಲಿಯ ಮುಂದೆ ಸಾಲು, ಅಪ್ಪನ ಮೈ ಒರೆಸುವುದು, ಬಸ್ಸು, ಬೋರ್ಡು, ಮತ್ತೆ ಬಸ್ಸು. ಡಿಸೆಂಬರ್ ಮಾತ್ರ ಅವಳದು. ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದ ಮೂಲ್ಕಿಯ ಹುಡುಗಿ ಬೇಬಿಗೆ ಸಂಗೀತವೆಂದರೆ ಆಕಳಿಕೆ. ಡಿಸೆಂಬರಿನ ಸಂಜೆಯ ಪಾಳಿಗಳನ್ನೆಲ್ಲ ಬೇಬಿ ತಾನು ಮಾಡುತ್ತಿದ್ದಳು. ಅದಕ್ಕೆ ಬದಲು ವರ್ಷವಿಡೀ ಅವಳ ಭಾನುವಾರಗಳನ್ನು ಜಲಜಾಕ್ಷಿ ಹೊತ್ತುಕೊಳ್ಳುತ್ತಿದ್ದಳು. ಮೂರು ವಾರದ ಸಂಗೀತಕ್ಕೆ ಒಂದು ವರ್ಷದ ಭಾನುವಾರಗಳು ಹೋದದ್ದು ಅವಳಿಗೆ ಯಾವತ್ತೂ ಲುಕ್ಸಾನು ಅನಿಸಿದ್ದಿಲ್ಲ.

ಕಚೇರಿ ಕೇಳಿ ಬಂದ ಮಾರನೆಯ ಬೆಳಿಗ್ಗೆ ಅಪ್ಪನ ಮಂಚದ ಅಂಚಿನಲ್ಲಿ ಕಾಫಿಯ ಲೋಟ ಹಿಡಿದು ಕೂತುಕೊಳ್ಳುವುದು ವಾಡಿಕೆ. ರಾಯರು ಕಣ್ಣು ಮುಚ್ಚಿ, "ಹೂಂ, ನಿನ್ನೆ ಎಂತ ಹಾಡಿದ್ರು ಹೇಳು," ಎನ್ನುವರು. ಅವಳು ಮೊದಲಿನಿಂದ ಕೊನೆಯ ತನಕ ಹೇಳುವಳು. ಯಾವ ರಾಗ ಎಷ್ಟು ಹೊತ್ತು ನಡೆಯಿತು, ಪಿಟೀಲಿನವರು ಎಲ್ಲಿ ಹಿಂದೆ ಬಿದ್ದರು, ಎಲ್ಲಿ ಮುಂದಿನ ಸಾಲಿನವರು ತಲೆದೂಗಿದರು. ಮುಖ್ಯವಾದ ಸಂಚಾರಗಳನ್ನು ಮೆಲ್ಲಗೆ ಗುನುಗಿಯೂ ತೋರಿಸುವಳು. ರಾಯರ ಬೆರಳು ಹೊದಿಕೆಯ ಮೇಲೆ ತಾಳ ಹಾಕುತ್ತಿತ್ತು. ಒಳಗಿನಿಂದ ಸರಸಮ್ಮ ಬಸ್ಸಿಗೆ ಹೊತ್ತಾಯಿತೆಂದು ಕರೆಯುವ ತನಕ ಅದು ನಡೆಯುತ್ತಿತ್ತು.

1958ರ ನವೆಂಬರಿನಲ್ಲಿ ಮದರಾಸಿಗೆ ಚಂಡಮಾರುತದ ಮಳೆ ಹಿಡಿಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಜಲಜಾಕ್ಷಿ ನೆಲ್ಲೂರಿನ ಲೈನು ಜೋಡಿಸುತ್ತಿದ್ದಾಗ ದೂರದಲ್ಲೆಲ್ಲೋ ತಂತಿಗೆ ಸಿಡಿಲು ಬಡಿಯಿತು. ಅವಳಿಗೆ ಅದು ಸದ್ದಾಗಿ ಕೇಳಲಿಲ್ಲ. ತಲೆಯೊಳಗೆ ಯಾರೋ ಕಬ್ಬಿಣದ ಸಲಾಕೆ ತೂರಿಸಿದಂತಾಯಿತು. ಎಚ್ಚರವಾದಾಗ ನೆಲದ ಮೇಲಿದ್ದಳು. ಬೇಬಿ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು, ಅವಳ ತುಟಿ ಅಲ್ಲಾಡುತ್ತಿತ್ತು. ಬಲಗಿವಿ ಅವಳ ಕಡೆಗೆ ಬರುವಂತೆ ತಲೆ ತಿರುಗಿಸಿದ ಮೇಲೆ ಮಾತು ಕೇಳಿಸಿತು.

"ಜಲಜಾ, ಕೇಳ್ತದಾ ನಿಂಗೆ? ನಾನು ಹೇಳುದು ಕೇಳ್ತದಾ?"

ಕೇಳ್ತದೆ ಎಂದು ಜಲಜಾಕ್ಷಿ ಹೇಳಿದಳು. ಸೂಪರ್‌ವೈಸರ್ ಬಂದು ಕೇಳಿದಾಗಲೂ ಅದನ್ನೇ ಹೇಳಿದಳು. ವಾರದ ಮೇಲೆ ಯಾರಿಗೂ ತಿಳಿಸದೆ ಒಬ್ಬ ಕಿವಿಯ ಡಾಕ್ಟರರ ಹತ್ತಿರ ಹೋದಳು. ಎಡಗಿವಿಯ ನರ ಸತ್ತಿದೆ, ಬಲಗಿವಿಗೂ ಪೆಟ್ಟು ತಗಲಿದೆ, ಅದು ನಿಧಾನವಾಗಿ ಇಳಿಯುತ್ತ ಹೋಗಬಹುದು, ಆವತ್ತಿನಿಂದ ತಲೆಯೊಳಗೆ ಕೇಳುತ್ತಿರುವ ಶಿಳ್ಳೆ ನಿಲ್ಲುವಂಥದ್ದಲ್ಲ ಎಂದರು ಅವರು. ಬೇರೆ ಕೆಲಸ ನೋಡಿಕೊಳ್ಳಮ್ಮ ಎಂದೂ ಹೇಳಿದರು. ವಿಮಲಾಗೆ ಇನ್ನೂ ಎಸ್ಸೆಸ್ಸೆಲ್ಸಿ ಆಗಿರಲಿಲ್ಲ. ಜಲಜಾಕ್ಷಿ ಮಾರನೆಯ ದಿನ ಹೆಡ್‌ಫೋನನ್ನು ಬಲಗಿವಿಗೆ ಹಾಕಿಕೊಂಡು ಬೋರ್ಡಿನ ಮುಂದೆ ಕೂತಳು.

ಆ ಡಿಸೆಂಬರಿನ ಮೊದಲ ಕಚೇರಿಯಲ್ಲಿ ತಂಬೂರಿ ಮೀಟಿದ ಕೂಡಲೆ ಅವಳಿಗೆ ನಿಜ ಸ್ಥಿತಿ ಗೊತ್ತಾಯಿತು. ತಲೆಯೊಳಗಿನ ಶಿಳ್ಳೆಗೆ ಅದರದೇ ಒಂದು ಶ್ರುತಿಯಿತ್ತು. ಅದು ತಂಬೂರಿಯ ಶ್ರುತಿಗಿಂತ ಒಂದು ಕೂದಲೆಳೆ ಮೇಲಿತ್ತು. ಹಾಡುವವರು ಷಡ್ಜಕ್ಕೆ ಬಂದು ನಿಂತಾಗಲೆಲ್ಲ ಎರಡೂ ಒಂದಕ್ಕೊಂದು ಉಜ್ಜುತ್ತಿದ್ದವು. ಇಡೀ ಸಭೆ ಆಹಾ ಎನ್ನುವ ಜಾಗದಲ್ಲಿ ಅವಳು ಹಲ್ಲು ಕಚ್ಚಿ ಕೂತಿದ್ದಳು. ಆದರೂ ಕೊನೆಯ ತನಕ ಏಳಲಿಲ್ಲ. ಬೆಳಿಗ್ಗೆ ಅಪ್ಪ ಕಣ್ಣು ಮುಚ್ಚಿ ಕಾಯುತ್ತಾರಲ್ಲ.

ಮೊದಲ ವರ್ಷ ಹೇಗೋ ನಡೆಯಿತು. ಅರ್ಧ ಕೇಳಿಸಿದ್ದು, ಅರ್ಧ ಊಹೆ. ಮರುವರ್ಷಕ್ಕೆ ಬಲಗಿವಿಯೂ ಮಂದವಾಯಿತು. ಆಗ ಅವಳು ಮೃದಂಗದವರ ಕೈ ನೋಡಿ ತಾಳ ತಿಳಿದುಕೊಳ್ಳಲು ಕಲಿತಳು. ರಾಗ ಯಾವುದೆಂದು ಪಕ್ಕದಲ್ಲಿ ಕೂತ ಹೆಂಗಸರನ್ನು ಕೇಳುವುದು ಅವಳಿಂದಾಗಲಿಲ್ಲ. ಒಂದು ಕಾಲಕ್ಕೆ ಅವರೆಲ್ಲ ಇವಳನ್ನು ಕೇಳುತ್ತಿದ್ದವರು. ಬೆಳಗಿನ ಕಾಫಿಯ ಹೊತ್ತಿಗೆ ಅವಳು ಹಳೆಯ ಕಚೇರಿಗಳನ್ನು ನೆನಪಿನಿಂದ ತೆಗೆದು ಹೇಳತೊಡಗಿದಳು. ಹತ್ತು ವರ್ಷದ ಹಿಂದೆ ಕೇಳಿದ್ದನ್ನು ನಿನ್ನೆ ಹಾಡಿದವರ ಬಾಯಿಗೆ ಹಾಕಿದಳು. ಗುನುಗುವುದನ್ನು ನಿಲ್ಲಿಸಿದಳು. ಗಂಟಲು ಕೆಟ್ಟಿದೆ ಎಂದು ಒಂದು ದಿನ, ಬಸ್ಸಿಗೆ ಹೊತ್ತಾಯಿತೆಂದು ಇನ್ನೊಂದು ದಿನ. ರಾಯರು ಒತ್ತಾಯ ಮಾಡಲಿಲ್ಲ.

ಎಕ್ಸ್‌ಚೇಂಜಿನಲ್ಲಿ ಸಂಗತಿ ಗೊತ್ತಿದ್ದದ್ದು ಬೇಬಿಗೆ ಮಾತ್ರ, ಅವಳೇ ಕಾಪಾಡುತ್ತಿದ್ದಳು. ಲೈನು ಮಸುಕಾದರೆ ಜಲಜಾಕ್ಷಿ ಮೊಣಕೈಯಿಂದ ತಿವಿಯುವಳು. ಬೇಬಿ ತನ್ನ ಬೋರ್ಡಿನಿಂದ ಅದನ್ನು ತೆಗೆದುಕೊಳ್ಳುವಳು. ಹೀಗೆ ಎರಡೂವರೆ ವರ್ಷ ನಡೆಯಿತು.

1961ರ ಆಗಸ್ಟಿನಲ್ಲಿ ಬೇಬಿಗೆ ಜ್ವರ ಬಂದು ನಾಲ್ಕು ದಿನ ರಜೆ ಹಾಕಿದಳು. ಮೂರನೆಯ ದಿನ ಒಬ್ಬ ಗಂಡಸು ಅರ್ಜೆಂಟ್ ಕಾಲ್ ಬುಕ್ ಮಾಡಿದ. ಅವನಿಗೆ ಬೇಕಾಗಿದ್ದದ್ದು ನೀಲಗಿರಿಯ ಗೂಡಲೂರು. ಜಲಜಾಕ್ಷಿಗೆ ಕೇಳಿಸಿದ್ದು ಕಡಲೂರು. ಮತ್ತೊಮ್ಮೆ ಹೇಳಿ ಎಂದು ಕೇಳಿದಳು, ಅವನು ಹೇಳಿದ. ಮೂರನೆಯ ಸಲ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಮೂರು ಸಲ ಕೇಳಿದವಳೆಂದು ಸೂಪರ್‌ವೈಸರ್ ಬಂದು ಹಿಂದೆ ನಿಂತರೆ? ಕಾರ್ಡಿನ ಮೇಲೆ ಕಡಲೂರು ಎಂದು ಬರೆದಳು. ಅಲ್ಲಿ ಆ ನಂಬರಿಗೆ ಒಂದು ಅಕ್ಕಿ ಮಂಡಿ ಸಿಕ್ಕಿತು. ತಪ್ಪು ಗೊತ್ತಾಗಿ, ಮತ್ತೆ ಬುಕ್ ಆಗಿ, ಗೂಡಲೂರಿನ ಲೈನು ಸಿಗುವಷ್ಟರಲ್ಲಿ ಎರಡೂವರೆ ಗಂಟೆ ಕಳೆದಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಅವನ ತಾಯಿ ಇದ್ದರು. ಮಗನ ದನಿ ಕೇಳಬೇಕೆಂದು ಅವರನ್ನು ಫೋನಿನ ಹತ್ತಿರ ಮಂಚ ಸಮೇತ ತಂದಿಟ್ಟಿದ್ದರಂತೆ. ಲೈನು ಸಿಕ್ಕಿದಾಗ ಅವರು ತೀರಿಹೋಗಿ ಅರ್ಧ ಗಂಟೆಯಾಗಿತ್ತು.

ವಾರ ಕಳೆದ ಮೇಲೆ ಆ ಮನುಷ್ಯ ತಲೆ ಬೋಳಿಸಿಕೊಂಡು ಎಕ್ಸ್‌ಚೇಂಜಿಗೆ ಬಂದ. ದೂರು ಬರೆದುಕೊಡಲಿಲ್ಲ, ಗಲಾಟೆ ಮಾಡಲಿಲ್ಲ. ಆ ದಿನ ಕೂತಿದ್ದ ಆಪರೇಟರನ್ನು ಒಮ್ಮೆ ನೋಡಬೇಕು ಎಂದನಂತೆ. ಸೂಪರ್‌ವೈಸರ್ ಬೇಡವೆಂದರೂ ಜಲಜಾಕ್ಷಿ ಹೊರಗಿನ ಕೋಣೆಗೆ ಹೋಗಿ ನಿಂತಳು. ಅವನು ಅವಳ ಮುಖವನ್ನೇ ನೋಡುತ್ತ ನಾಲ್ಕೈದು ಮಾತು ಹೇಳಿದ. ದನಿ ಬಹಳ ಸಣ್ಣದಿತ್ತು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಅವಳು ಕೈ ಮುಗಿದಳು. ಅವನು ಹೊರಟುಹೋದ. ಪಕ್ಕದಲ್ಲೇ ಇದ್ದ ಬೇಬಿ ಎಲ್ಲವನ್ನೂ ಕೇಳಿದ್ದಳು. ಅವನು ಹೇಳಿದ್ದೇನೆಂದು ಜಲಜಾಕ್ಷಿ ಅವಳನ್ನು ಆವತ್ತು ಕೇಳಲಿಲ್ಲ, ಮುಂದೆ ಎಂದೂ ಕೇಳಲಿಲ್ಲ. ಬೇಬಿ ತಾನಾಗಿ ಹೇಳಲೂ ಇಲ್ಲ.

ಅಲ್ಲಿಂದ ಸೂಪರ್‌ವೈಸರ್ ಕೋಣೆಗೆ ಹೋಗಿ ಅವಳೇ ಎಲ್ಲವನ್ನೂ ಒಪ್ಪಿಕೊಂಡಳು. ಕಿವಿಯ ಪರೀಕ್ಷೆಯಾಯಿತು. ಕೆಲಸದಿಂದ ತೆಗೆಯಲಿಲ್ಲ, ಅಷ್ಟು ದಯೆ ತೋರಿಸಿದರು. ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹಾಕಿದರು. ಹಳೆಯ ಕಾಲ್ ಚೀಟಿಗಳನ್ನು ತಾರೀಕಿನ ಪ್ರಕಾರ ಕಟ್ಟಿಡುವುದು ಅಲ್ಲಿನ ಕೆಲಸ.

ಮನೆಯಲ್ಲಿ ಹೇಳದೆ ಗತಿಯಿರಲಿಲ್ಲ. ಸರಸಮ್ಮ ಸೆರಗು ಬಾಯಿಗೊತ್ತಿ ಅತ್ತರು. ವಿಮಲಾ ಎದ್ದು ಹೊರಗೆ ಹೋದಳು. ಮಾರನೆಯ ಬೆಳಿಗ್ಗೆ ಅವಳು ಕಾಫಿ ತಂದಾಗ ರಾಯರು ಕ್ಯಾಲೆಂಡರಿನ ಹರಿದ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದದ್ದನ್ನು ಮುಂದೆ ಹಿಡಿದರು. ಐದು ಸಂಸಾರಗಳಿಗೆ ಕೇಳುವಂತೆ ಕೂಗಿ ಹೇಳುವ ಮಾತಲ್ಲವಾದ್ದರಿಂದ ಬರೆದಿದ್ದರು.

"ನನಗೆ ಗೊತ್ತಿತ್ತು ಮಗಾ. ಹೋದ ಡಿಸೆಂಬರಿನಲ್ಲಿ ಒಂದು ಕಚೇರಿ ಹಿಂದಿನ ಮನೆಯವರ ರೇಡಿಯೋದಲ್ಲಿ ಪೂರ್ತಿ ಬಂತು. ಅವರು ಹಾಡಿದ್ದು ತೋಡಿ. ನೀನು ಬೆಳಿಗ್ಗೆ ಭೈರವಿ ಎಂದು ಹೇಳಿದಿ. ಆ ಭೈರವಿ ನಾವಿಬ್ಬರೂ ಚಪ್ಪರದ ಹೊರಗೆ ನಿಂತು ಕೇಳಿದ್ದು."

ಜಲಜಾಕ್ಷಿ ಎರಡು ಸಲ ಓದಿದಳು.

"ಗೊತ್ತಿದ್ದೂ ಕೇಳಿದ್ರಲ್ಲ ಅಪ್ಪಯ್ಯ, ದಿನಾ ಬೆಳಿಗ್ಗೆ? ನಾನು ಸುಳ್ಳು ಕಟ್ಟುದನ್ನು ನೋಡ್ಲಿಕ್ಕಾ?"

ರಾಯರು ಹಾಳೆಯನ್ನು ವಾಪಸು ತೆಗೆದುಕೊಂಡು ಕೆಳಗೆ ಇನ್ನೆರಡು ಸಾಲು ಬರೆದರು. "ಹೇಳುವಾಗ ನಿನ್ನ ಮುಖ ಸರಿ ಇರುತ್ತಿತ್ತು. ಬೇರೆ ಹೊತ್ತಿನಲ್ಲಿ ಇರುತ್ತಿರಲಿಲ್ಲ."

ಅದನ್ನೂ ಓದಿದಳು. ಆದರೆ ಸಿಟ್ಟು ಇಳಿಯಲಿಲ್ಲ. ಎರಡೂವರೆ ವರ್ಷ ಹೊತ್ತುಕೊಂಡು ತಿರುಗಿದ ಗುಟ್ಟು ಇವರಿಗೆ ಗೊತ್ತಿತ್ತು. ಇವರು ಒಂದು ಮಾತು ಹೇಳಿದ್ದರೆ ತಾನು ಅಂದೇ ಬೋರ್ಡು ಬಿಟ್ಟು ಏಳುತ್ತಿದ್ದೆ, ಗೂಡಲೂರಿನ ಆ ತಾಯಿಗೆ ಮಗನ ದನಿ ಕೇಳುತ್ತಿತ್ತು. ಹಾಗೆ ಅವಳ ಲೆಕ್ಕ. ಅದು ನ್ಯಾಯವಲ್ಲವೆಂದು ಅವಳಿಗೂ ಗೊತ್ತಿತ್ತು. ಆ ಡಿಸೆಂಬರಿನಲ್ಲಿ ಅವಳು ಯಾವ ಕಚೇರಿಗೂ ಹೋಗಲಿಲ್ಲ. ಬೆಳಿಗ್ಗೆ ಲೋಟವನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಒಳಗೆ ಹೋಗುವಳು. ರಾಯರು ಕಣ್ಣು ಬಿಟ್ಟುಕೊಂಡೇ ಕುಡಿಯುವರು.

ಜನವರಿಯಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಐದು ದಿನ. ಕೊನೆಯ ಮಧ್ಯಾಹ್ನ ಅವರ ತುಟಿ ಅಲ್ಲಾಡಿದಾಗ ಜಲಜಾಕ್ಷಿ ಬಲಗಿವಿಯನ್ನು ಬಾಯಿಯ ಹತ್ತಿರವೇ ತಂದಳು. ಉಸಿರಿನ ಬಿಸಿ ತಾಗಿತು, ಮಾತು ತಾಗಲಿಲ್ಲ. ತಲೆಯೆತ್ತಿ ತಂಗಿಯ ಮುಖ ನೋಡಿದಳು. ನೀರು ಕೇಳಿದರು ಎಂದು ವಿಮಲಾ ಕೈ ಮಾಡಿ ತೋರಿಸಿದಳು. ಅಷ್ಟೇ ಕೇಳಿದ್ದು. ನೀರು ಕೊಟ್ಟರು.

ಮುಂದೆ ವಿಮಲಾಗೆ ಬ್ಯಾಂಕಿನಲ್ಲಿ ಕೆಲಸವಾಯಿತು, ಮದುವೆಯಾಯಿತು. ಜಲಜಾಕ್ಷಿಯದು ಆಗಲಿಲ್ಲ. 1963ರ ಡಿಸೆಂಬರಿನಲ್ಲಿ ಬೇಬಿ ತಾನೇ ಎರಡು ಟಿಕೆಟ್ ತಂದು ಅವಳನ್ನು ಎಬ್ಬಿಸಿಕೊಂಡು ಹೋದಳು. ಕಚೇರಿಯುದ್ದಕ್ಕೂ ಬೇಬಿ ಆಕಳಿಸುತ್ತ, ಪಕ್ಕದವರನ್ನು ಕೇಳಿ ರಾಗದ ಹೆಸರನ್ನು ಚೀಟಿಯ ಮೇಲೆ ತಪ್ಪುತಪ್ಪಾಗಿ ಬರೆದು ತೋರಿಸುತ್ತಿದ್ದಳು. ಹೆಸರು ಓದಿದ ಮೇಲೆ ಜಲಜಾಕ್ಷಿ ಹಾಡುವವರ ಗಂಟಲನ್ನು ನೋಡುತ್ತ ಕೂರುವಳು. ಕೇಳಿಸದ ಮೇಲೆ ಯಾಕೆ ಹೋಗುವುದೆಂದು ವಿಮಲಾ ಒಮ್ಮೆ ತಾನು ಶಾಲೆಯಲ್ಲಿ ಕಲಿತ ತಮಿಳಿನಲ್ಲಿ ಬರೆದೇ ಕೇಳಿದಳು.

"ಮನೆಯಲ್ಲಿ ಕೂತರೆ ಆ ಗೂಡಲೂರಿಗೆ ಫೋನ್ ಮಾಡಿದವರ ಮುಖ ಬರ್ತದೆ," ಎಂದಳು ಜಲಜಾಕ್ಷಿ. "ಅಲ್ಲಿಯೂ ಬರ್ತದೆ. ಸ್ವಲ್ಪ ತಡವಾಗಿ ಬರ್ತದೆ."

ಬಲಗಿವಿ ಪೂರ್ತಿ ನಿಂತದ್ದು 1967ರಲ್ಲಿ. ಆ ವರ್ಷವೂ ಅವಳು ಎರಡು ದಿನ ಹೋದಳು. ಮೂರನೆಯ ದಿನ ಸರಸಮ್ಮನಿಗೆ ಮೈ ಬಿಸಿಯಿತ್ತು. ಜಲಜಾಕ್ಷಿ ಗಂಜಿಗೆ ಇಟ್ಟು, ಟಿಕೆಟನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.