ಅಪ್ಪನ ನೀಲಿ ಟಿಕ್ಕು

ನಮ್ಮಪ್ಪ ದುಡಿದದ್ದು ಕಬ್ಬಿಣ ಕರಗಿಸುವ ಕಾರ್ಖಾನೆಯಲ್ಲಿ, ಅದೂ ನೆಲದ ಮೇಲಲ್ಲ. ಛಾವಣಿಯ ಕೆಳಗೆ ಅತ್ತಿಂದಿತ್ತ ಓಡಾಡುವ ಕ್ರೇನಿನ ಗಾಜಿನ ಗೂಡಿನಲ್ಲಿ. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುತ್ತಿದ್ದುದು ಊಟಕ್ಕೆ ಮಾತ್ರ. ಕೊಕ್ಕೆಯ ತುದಿಯಲ್ಲಿ ಕುದಿಯುವ ಲೋಹದ ಕೊಪ್ಪರಿಗೆ, ಅದರ ಕೆಳಗೆ ಓಡಾಡುವ ಜನ. ಆ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಮೇಲಿದ್ದವರಿಗೆ ಕೇಳುತ್ತಿರಲಿಲ್ಲ. ಅದಕ್ಕೇ ನೆಲದ ಮೇಲೆ ನಿಂತು ಕೈಸನ್ನೆ ಮಾಡುವವರು ಒಬ್ಬರಿದ್ದರು. ಅಪ್ಪ ಅವರನ್ನು ಕೆಳಗಿನೋನು ಅನ್ನುತ್ತಿದ್ದರು, ಅವರು ಅಪ್ಪನನ್ನು ಮೇಲಿನೋನು ಅನ್ನುತ್ತಿದ್ದರು. "ಇವತ್ತು ಮೇಲಿನೋನು ರಜಾ ಕಣ್ರೋ" ಎಂದು ಅವರು ಹೇಳಿದರೆ ಹೊಸದಾಗಿ ಸೇರಿದವರು ಗಾಬರಿಯಿಂದ ಕೈಮುಗಿಯುತ್ತಿದ್ದರಂತೆ.

ಇಬ್ಬರ ನಡುವೆ ಒಂದೇ ಕಾನೂನು. ಸನ್ನೆ ಸರಿ ಅನ್ನಿಸಿದರೆ ಎತ್ತು, ಇಲ್ಲವಾದರೆ ಕೈ ತೆಗೆದು ಸುಮ್ಮನೆ ಕೂರು. ಸುಮ್ಮನೆ ಕೂತರೆ ಅದೇ ಉತ್ತರ. ಒಮ್ಮೆ ಕೆಳಗಿನವರು ಇಳಿಸು ಇಳಿಸು ಎಂದು ಕೈ ಬೀಸುತ್ತಲೇ ಇದ್ದಾರೆ, ಅಪ್ಪ ಹಂದಾಡಲಿಲ್ಲ. ಬೈದುಕೊಂಡು ಹಿಂದೆ ತಿರುಗಿ ನೋಡಿದರೆ, ಕೊಪ್ಪರಿಗೆಯ ನೇರ ಕೆಳಗೊಬ್ಬ ಕುಕ್ಕರುಗಾಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅವತ್ತು ಇಬ್ಬರೂ ಊಟ ಮಾಡಲಿಲ್ಲವಂತೆ. ಬೇರೆ ಯಾರು ಕೈ ಬೀಸಿದರೂ, ಮೇಲಧಿಕಾರಿಯೇ ಬೀಸಿದರೂ, ಅಪ್ಪ ಕ್ರೇನನ್ನು ಕದಲಿಸಿದವರಲ್ಲ.

ಅಂಥ ಅಪ್ಪನಿಗೆ ನಿವೃತ್ತಿಯಾದ ಮೇಲೆ ಲಕ್ವ ಹೊಡೆಯಿತು. ಮಾತು ಹೋಯಿತು, ಕಾಲು ಹೋಯಿತು, ಬಲಗೈ ಹೋಯಿತು. ಉಳಿದದ್ದು ಎಡಗೈಯ ಒಂದು ಬೆರಳಿನ ಗೆಣ್ಣು, ಅದೂ ಮಂಚದ ಹಲಗೆಯ ಮೇಲೆ ನಿಲ್ಲಿಸಿಟ್ಟ ಫೋನನ್ನು ಮುಟ್ಟುವಷ್ಟು. ಡಾಕ್ಟರು ಕಣ್ಣು ಮಿಟುಕಿಸಿ ಅಂದರು, ಕೈ ಒತ್ತಿ ಅಂದರು. ಅಪ್ಪ ಜಪ್ಪಯ್ಯ ಅನ್ನಲಿಲ್ಲ. "ಎಷ್ಟು ಅರ್ಥ ಆಗುತ್ತೋ ಹೇಳೋಕಾಗಲ್ಲಮ್ಮ" ಎಂದು ಅವರೂ ಕೈಚೆಲ್ಲಿದರು.

ಅಮ್ಮ ಇರಲಿಲ್ಲ, ಅಪ್ಪನನ್ನು ನಾನೇ ನೋಡಿಕೊಂಡೆ. ಮಂಚದ ಪಕ್ಕದಲ್ಲೇ ನನ್ನ ಹೊಲಿಗೆ ಯಂತ್ರ. ಎತ್ತಿ ಕೂರಿಸುವುದು, ಮಗ್ಗುಲು ತಿರುಗಿಸುವುದು, ಸ್ನಾನ, ತುತ್ತು, ಎಲ್ಲ ನಾನೇ. ಅಣ್ಣ ಮಾತ್ರ ಬಂದಾಗಲೆಲ್ಲ ಒಂದೇ ರಾಗ. "ಆರೈಕೆ ಮನೆಗೆ ಸೇರಿಸೋಣ ಕಣೇ. ಅವರಿಗೆ ಎಲ್ಲಿದ್ದರೂ ಒಂದೇ. ಏನೂ ಗೊತ್ತಾಗಲ್ಲ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. "ಹೆತ್ತಪ್ಪನ್ನ ಪಾರ್ಸೆಲ್ ಮಾಡ್ತೀಯಾ? ನಾನು ಬದುಕಿರೋತನಕ ಅಪ್ಪ ಈ ಮಂಚ ಬಿಟ್ಟು ಕದಲಲ್ಲ" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದೆ. ಅಪ್ಪನ ಮನಸ್ಸು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು!

ಹೀಗಿರುವಾಗ ಅಣ್ಣ ಅಪ್ಪನ ಫೋನಿಗೆ ಕೈ ಹಾಕಿದ. ಕಾರಣವಿತ್ತು. ಅಪ್ಪನ ಗೆಣ್ಣು ತಾಗಿ ಮೆಸೇಜುಗಳು ತೆರೆದುಕೊಳ್ಳುತ್ತಿದ್ದವು, ಕಳಿಸಿದವರಿಗೆ ನೀಲಿ ಟಿಕ್ಕು ಕಾಣುತ್ತಿತ್ತು. ಸೋದರತ್ತೆಯಂತೂ, "ನೋಡಿದಾನೆ, ಒಂದಕ್ಷರ ಉತ್ತರ ಇಲ್ಲ, ಎಷ್ಟು ಕೊಬ್ಬು" ಎಂದು ಊರೆಲ್ಲ ಟಾಂಟಾಂ ಹೊಡೆದರು. "ಅಪ್ಪ ಯಾವಾಗ ನೋಡಿದ್ರು, ಏನು ನೋಡಿದ್ರು, ಕಂಡೋರಿಗೆಲ್ಲ ಯಾಕೆ ಗೊತ್ತಾಗ್ಬೇಕು?" ಅಂದವನೇ ಸೆಟ್ಟಿಂಗಿಗೆ ಹೋಗಿ ನೀಲಿ ಟಿಕ್ಕು ಬಂದ್ ಮಾಡಿದ. ಬಂದ ಮೆಸೇಜಿನ ಸಾಲು ಪರದೆಯ ಮೇಲೆ ಕಾಣುವುದನ್ನೂ ಬಂದ್ ಮಾಡಿದ. ಮಾತು ನ್ಯಾಯವಾಗಿಯೇ ಇತ್ತು. ನಾನೂ ಹೂಂಗುಟ್ಟಿದೆ.

ಆಮೇಲೆ ಅಪ್ಪ ಊಟ ಬಿಟ್ಟರು. ಬಾಯಿಗೆ ಇಟ್ಟದ್ದು ಹಾಗೇ ಕಟವಾಯಿಯಲ್ಲಿ ಇಳಿಯುತ್ತಿತ್ತು. ಅಣ್ಣನಿಗೆ ಅಷ್ಟೇ ಸಾಕಾಯಿತು. ಆರೈಕೆ ಮನೆಯವರನ್ನು ಗೊತ್ತುಮಾಡಿಕೊಂಡೇ ಬಂದ. ನಾನು ರಂಪ ಎಬ್ಬಿಸಿದೆ. ನಮ್ಮ ಕೂಗಾಟ ತಾರಕಕ್ಕೇರಿದ್ದಾಗ ಬಾಗಿಲಲ್ಲಿ ಏದುಸಿರು ಬಿಡುತ್ತ ಅಪ್ಪನ ಕಾರ್ಖಾನೆಯ ಆ ಕೆಳಗಿನವರು ನಿಂತಿದ್ದರು. ಬೇರೆ ಊರಿನಿಂದ ಬಸ್ಸು ಹಿಡಿದು ಬಂದಿದ್ದರು.

"ಇದ್ದಾನಾ?" ಅಂದರು. ಮನೆಯಲ್ಲಿದ್ದಾರಾ ಎಂದು ಕೇಳುತ್ತಿಲ್ಲ ಎಂದು ಅವರ ಮುಖ ನೋಡಿದ ಮೇಲೆ ಹೊಳೆಯಿತು.

ಮಂಚದ ಮೇಲಿನ ಅಪ್ಪನನ್ನು ಕಂಡಿದ್ದೇ ಅವರು ಗೋಡೆ ಹಿಡಿದು ಕೂತುಬಿಟ್ಟರು. "ದಿನಾ ಮಾತಾಡ್ತಿದ್ದೋನು ತಟಕ್ಕನೆ ನಿಂತುಬಿಟ್ನಲ್ಲಮ್ಮ. ನಾನು ಏನಂತ ತಿಳ್ಕೋಬೇಕು?"

"ಮಾತಾಡ್ತಿದ್ರಾ? ಅಪ್ಪನಾ?" ಅಣ್ಣ ಕಣ್ಣುಕಣ್ಣು ಬಿಟ್ಟ.

ಅವರು ಬಿಡಿಸಿ ಹೇಳಿದರು. ಕಾಯಿಲೆಯಾದ ಹೊಸದರಲ್ಲಿ ಊಟ ಆಯ್ತಾ ಎಂದು ಕೇಳಿದರೆ ತಕ್ಷಣ ನೀಲಿಯಾಗುತ್ತಿತ್ತು. ಆರಾಮಾಗಿದ್ದೀಯಾ ಎಂದು ಕೇಳಿದರೆ ಸಂಜೆಯಾದರೂ ಬೂದು ಬಣ್ಣದಲ್ಲೇ ಉಳಿಯುತ್ತಿತ್ತು. ನೋವಿದೆಯಾ ಅಂದರೆ ಮತ್ತೆ ನೀಲಿ. "ಆಗ ಗೊತ್ತಾಯ್ತು, ಅದೇ ನಮ್ಮ ಹಳೇ ಕಾನೂನು ಅಂತ. ಸಾಲು ಮೇಲ್ಗಡೆ ಕಾಣುತ್ತಲ್ಲ, ಓದ್ಕೋತಾನೆ. ಹೌದಾದ್ರೆ ತೆಗೀತಾನೆ. ಇಲ್ಲಾಂದ್ರೆ ಮುಟ್ಟಲ್ಲ."

"ಮತ್ತೆ ಡಾಕ್ಟರಿಗೆ ಯಾಕೆ ಕಣ್ಣು ಮಿಟುಕಿಸ್ಲಿಲ್ಲ?" ಎಂದೆ.

"ಬೇರೆಯವರ ಸನ್ನೆಗೆ ಅವನು ಯಾವತ್ತು ಅಲ್ಲಾಡಿದ್ದ?"

ಅಣ್ಣನ ಮುಖ ಬಿಳಿಚಿಹೋಯಿತು. ಅಪ್ಪನ ಫೋನು ಎತ್ತಿಕೊಂಡು ಎರಡು ಸೆಟ್ಟಿಂಗನ್ನೂ ಮೊದಲಿನಂತೆ ಮಾಡಿದ. ಕೆಳಗಿನವರು ಕುರ್ಚಿ ಕೊಟ್ಟರೂ ಕೂರದೆ, ಮಂಚದ ಕಾಲ್ದೆಸೆಯಲ್ಲಿ ನಿಂತು ತಮ್ಮ ಫೋನಿನಲ್ಲಿ ಒತ್ತಿದರು. 'ನಿನ್ನ ಮಗ ಪೆದ್ದ. ಹೌದಾ?'

ಅಪ್ಪನ ಗೆಣ್ಣು ಹಲಗೆಯ ಮೇಲೆ ತೆವಳಿತು. ನೀಲಿ. ಎಲಾ ಇವರ! ನಾನು ಅಳುತ್ತಲೇ ನಕ್ಕುಬಿಟ್ಟೆ, ಅಣ್ಣನೂ ನಕ್ಕ. ಅಪ್ಪ ಅದೇ ಗೆಣ್ಣಿನಿಂದ ಮೆಸೇಜು ಮುಚ್ಚಿ ಮುಂದಿನದಕ್ಕೆ ಕಾದರು. 'ಮಗಳೂ ಪೆದ್ದಿನಾ?' ಗೆಣ್ಣು ಅಲ್ಲಾಡಲಿಲ್ಲ. ಆ ಬೂದು ಟಿಕ್ಕನ್ನು ನೋಡುತ್ತ ನನಗೆ ರೋಮಾಂಚನವಾಯಿತು. ಎಷ್ಟು ತಿಂಗಳಿಂದ ನಮ್ಮ ಜಗಳದ ಒಂದೊಂದು ಮಾತನ್ನೂ ಕೇಳುತ್ತ, ಈ ಮನುಷ್ಯ ಪೂರ್ತಿಯಾಗಿ ಇಲ್ಲೇ ಇದ್ದರು!

"ಈಗ ಕೇಳಿ ಮಾವ. ಇಲ್ಲೇ ಇರ್ತಾರಾ ಅಂತ ಕೇಳಿ. ಇವನಿಗೂ ಗೊತ್ತಾಗ್ಲಿ" ಎಂದೆ ಕೆಳಗಿನವರಿಗೆ, ಗೆದ್ದವಳ ಹಾಗೆ.

'ಈ ಮನೇಲೇ ಇರ್ತೀಯಾ?'

ಬೂದು. ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಕಾಣಿಸಲಿಲ್ಲವೇನೋ ಎಂದು ಫೋನನ್ನು ಹತ್ತಿರಕ್ಕೆ ಸರಿಸಿದೆ. ಬೂದು.

'ಆರೈಕೆ ಮನೆಗೆ ಹೋಗ್ತೀಯಾ?'

ಗೆಣ್ಣು ತಡವರಿಸದೆ ಹೋಯಿತು. ನೀಲಿ.

ಅಣ್ಣ ಗೆದ್ದೆನೆಂದು ಬೀಗಲಿಲ್ಲ, ತಲೆ ತಗ್ಗಿಸಿದ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ಮಾಡಿದರೂ ನಾನು ಬೇಡವಾದೆನೇ? ಬಿಕ್ಕುತ್ತ, ಸೊಂಟಕ್ಕೆ ಕೈ ಕೊಟ್ಟು, ಗೋಡೆಗೆ ಒರಗಿದೆ. ಕೆಳಗಿನವರು ನನ್ನನ್ನೇ ನೋಡುತ್ತಿದ್ದರು, ನನ್ನ ಸೊಂಟದ ಮೇಲಿನ ಕೈಯನ್ನು ನೋಡುತ್ತಿದ್ದರು. ಮತ್ತೇನೋ ಒತ್ತಿ, ಫೋನನ್ನು ನನ್ನ ಕಡೆ ತಿರುಗಿಸಿದರು.

'ಇವಳು ನಿನ್ನ ಎತ್ತೋದನ್ನ ನೋಡೋಕಾಗ್ತಿಲ್ವಾ?'

ನಾನು ಓದಿ ಮುಗಿಸುವ ಮೊದಲೇ ನೀಲಿಯಾಗಿತ್ತು.

ಎತ್ತುವಾಗ ನಾನು ಹಲ್ಲು ಕಚ್ಚುತ್ತಿದ್ದುದು ಅಪ್ಪನ ಕಿವಿಯ ಪಕ್ಕದಲ್ಲೇ. ಬೆನ್ನಿಗೆ ಬೆಲ್ಟು ಬಿಗಿಯುತ್ತಿದ್ದುದು ಅವರ ಕಣ್ಣೆದುರೇ. ಆ ಸೊಂಟನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದೇನೆ ಎಂದುಕೊಂಡಿದ್ದೆ. ಅವರು ಪ್ರತಿ ಸಲವೂ ನೋಡಿದ್ದರು, ಬೇಡ ಎನ್ನಲು ಬಾಯಿ ಇರಲಿಲ್ಲ.

ಕೆಳಗಿನವರು ಅಂಗೈಯನ್ನು ತಮ್ಮ ಎದೆಗೆ ಇಟ್ಟುಕೊಂಡು, ಆಮೇಲೆ ಅದೇ ಕೈಯನ್ನು ನನ್ನ ಕಡೆ ಚಾಚಿ ಅಪ್ಪನಿಗೆ ತೋರಿಸಿದರು. ಪಾಳಿ ಬದಲಾದಾಗ ಹೀಗೆ ಮಾಡುತ್ತಿದ್ದರಂತೆ. ಇನ್ನು ಮುಂದೆ ಇವರ ಸನ್ನೆ ನೋಡು ಎಂದು. "ಕೇಳಮ್ಮ, ನೀನೇ ಕೇಳು."

ನನ್ನ ಫೋನು ತೆಗೆದೆ. ಒಂದೇ ಕೋಣೆಯಲ್ಲಿದ್ದು ಅಪ್ಪನಿಗೆ ನಾನು ಮೆಸೇಜು ಕಳಿಸಿದವಳೇ ಅಲ್ಲ. 'ಅಲ್ಲಿಗೆ ದಿನಾ ಬರ್ಲಾ?' ಎಂದು ಒತ್ತಿದೆ. ಅಪ್ಪ ಓದಿದರು. ನನ್ನನ್ನು ನೋಡಿದರು. ಗೆಣ್ಣು ಮುಂದೆ ಹೋಯಿತು, ನೀಲಿಯಾಯಿತು. ನನ್ನ ಸನ್ನೆಗೆ ಅಪ್ಪ ಅಲ್ಲಾಡಿದ್ದು ಅದೇ ಮೊದಲು.

ಇನ್ನೊಂದು ಕೇಳುವುದಿತ್ತು. ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. 'ಕೇಳದೇನೇ ಇಷ್ಟು ದಿನ ಹಿಡಿದಿಟ್ಕೊಂಡೆ. ನನ್ನ ಮೇಲೆ ಸಿಟ್ಟಾ ಅಪ್ಪಾ?'

ಅಪ್ಪ ಆ ಸಾಲನ್ನು ಓದಿದರು. ಆಮೇಲೆ ಗೆಣ್ಣನ್ನು ಮೆಲ್ಲಗೆ, ತುಂಬ ಕಷ್ಟಪಟ್ಟು, ಫೋನಿನಿಂದ ಆದಷ್ಟು ದೂರಕ್ಕೆ, ಹಲಗೆಯ ಅಂಚಿನವರೆಗೂ ಎಳೆದುಕೊಂಡರು.