ಹಿನ್ನೀರಿನ ನೀಲವ್ವಾಯಿ

ನೀಲವ್ವಾಯಿ ನೀರು ನೋಡುತ್ತ ಓಣಿಗಳ ಹೆಸರು ಹೇಳುತ್ತಿದ್ದರು. "ಇದು ಗೌಡ್ರ ಓಣಿ. ಅಲ್ಲಿ ಬೇವಿನ ತುದಿ ಕಾಣತೈತಲ್ಲ, ಅದು ನಮ್ಮ ಹಿತ್ತಲ." ನನಗೆ ಕಾಣುತ್ತಿದ್ದುದು ಬರೀ ಹಿನ್ನೀರು.

ಅವರು ಹುಟ್ಟಿ ಬೆಳೆದ ಊರು ಅದರಡಿ ಇತ್ತು. ದಂಡೆಯ ಮೇಲಿನ ಹೊಸ ಊರಿನಲ್ಲಿ ಅವರ ಮನೆ. ಭಾನುವಾರ ಬೆಳಿಗ್ಗೆ ಹುಡುಗಿಯರಿಗೆ ಈಜು ಕಲಿಸುತ್ತಿದ್ದರು; ನಮಗೆಲ್ಲ ಅವರು ಆಯಿ, ಅಜ್ಜಿ. ನವನಗರದಿಂದ ನಾನೂ ಚಿಕ್ಕಪ್ಪನ ಮಗಳು ಗೀತಾಳೂ ಬಸ್ಸಿನಲ್ಲಿ ಹೋಗುತ್ತಿದ್ದೆವು.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅವರು ಆ ಓಣಿಗಳಲ್ಲಿ ನಡೆದು, ಪ್ರತಿ ಹಾಳುಬಾವಿಯ ಬಾಯಿಯ ಕಲ್ಲಿಗೆ ಉದ್ದನೆಯ ಹಗ್ಗ ಬಿಗಿದು, ಇನ್ನೊಂದು ತುದಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಬರುತ್ತಿದ್ದರು. ಮಳೆಗಾಲದಲ್ಲಿ ನೀರು ಏರಿದಂತೆ ಹಳದಿ ಡಬ್ಬಿಗಳು ಒಂದೊಂದಾಗಿ ಮೇಲೆದ್ದು ತೇಲುತ್ತಿದ್ದವು. "ಡಬ್ಬಿ ಕಂಡಲ್ಲಿ ಹೋಗಬ್ಯಾಡ್ರಿ. ಎದಿಮಟ ನೀರ ಐತಿ ಅಂತ ನಡಕೋತ ಹೋಗ್ತೀರಿ, ಕೆಳಗ ಬಾವಿ ಬಾಯಿ ತಗದ ಕುಂತಿರತೈತಿ." ನಾನಾಗ ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದುತ್ತಿದ್ದೆ. ಅಂಥ ನಕ್ಷೆಯನ್ನು ಅಲ್ಲಿ ಯಾರೂ ನನಗೆ ತೋರಿಸಿರಲಿಲ್ಲ.

ಒಂದು ಭಾನುವಾರ ಗೀತಾ ಈಜಿ ದಣಿದಿದ್ದಳು. ಹತ್ತಿರದಲ್ಲಿ ತೇಲುತ್ತಿದ್ದ ಡಬ್ಬಿ ಆ ಕ್ಷಣಕ್ಕೆ ಅವಳಿಗೆ ಆಸರೆಯಾಗಿ ಕಂಡಿತು. ಹೋಗಿ ಹಿಡಿದಳು. ಸಣ್ಣ ಡಬ್ಬಿ, ಅವಳ ಭಾರಕ್ಕೆ ಮುಳುಗಿತು. ನಿಲ್ಲಲು ಕಾಲು ಚಾಚಿದರೆ ನೆಲವಿಲ್ಲ.

ನಾನು ಧುಮುಕಲು ಓಡಿದೆ. ಹಿಂದಿನಿಂದ ನೀಲವ್ವಾಯಿ ನನ್ನ ಜಡೆ ಹಿಡಿದು ಜಗ್ಗಿದರು. "ನಿನಗರ ಎಲ್ಲಿ ನೆಟ್ಟಗ ಈಸಾಕ ಬರತೈತಿ? ಎರಡು ಹೆಣ ತಗೀಲೇನ ನಾ? ನಿಲ್ಲು!" ನೋಡನೋಡುತ್ತಲೇ ಉಟ್ಟಿದ್ದ ಇಳಕಲ್ ಸೀರೆ ಬಿಚ್ಚಿ, ಸೆರಗಿಗೆ ಅರ್ಧ ನೀರಿದ್ದ ಬಾಟಲಿ ಗಂಟು ಹಾಕಿ, ಬೀಸಿ ಎಸೆದರು. ಅಲ್ಲೇ ಎಮ್ಮೆಗಳ ಮೈ ತೊಳೆಯುತ್ತಿದ್ದ ಗಂಡಸರು ನಾಚಿ ಮುಖ ತಿರುಗಿಸಿದರು.

"ಮಾರಿ ಏನ ತಿರುವ್ತೀರಲೇ, ಬಂದು ಸೀರಿ ಜಗ್ಗರಿ!"

ಬಾಟಲಿ ಗೀತಾಳ ಕೈಗೆ ಸಿಕ್ಕಿತು. ಸೀರೆ ಬಿಗಿಯಾಯಿತು. ಅವಳು ದಂಡೆಗೆ ಬಂದಳು.

ಆಯಿ ಬೈಯಲಿಲ್ಲ. ಒದ್ದೆ ಸೀರೆ ಸುತ್ತಿಕೊಂಡು, ಅವಳ ಉಸಿರು ಹದಕ್ಕೆ ಬರುವವರೆಗೂ ಬೆನ್ನು ತಿಕ್ಕುತ್ತ ಕೂತರು. ಆಮೇಲೆ ಕೈ ಹಿಡಿದು ಪಾದ ಮುಳುಗುವಷ್ಟು ನೀರಿಗೆ ಕರೆದೊಯ್ದರು.

"ಆಯಿ, ನಾ ಒಲ್ಲೆ."

"ಇಷ್ಟ ಸಾಕು ತಂಗಿ. ಇವತ್ತ ಹಂಗ ಮನಿಗೆ ಹೋದ್ರ ಈ ಹೆದರಿಕಿ ನಿನ್ನ ಬಿಡೂದಿಲ್ಲ." ಇಬ್ಬರೂ ಒಂದು ನಿಮಿಷ ಆ ನೀರಲ್ಲೇ ನಿಂತರು. "ಇನ್ನ ದವಾಖಾನಿಗೆ ನಡೀರಿ."

ಕೊನೆಯ ಸಲ ಅವರನ್ನು ಕಂಡದ್ದು ಹುನಗುಂದದಲ್ಲಿ, ಅವರ ಮಗಳ ಮನೆಯಲ್ಲಿ. ಕಣ್ಣು ಪೂರ್ತಿ ಹೋಗಿದ್ದವು. ಗೀತಾಳ ಮಣಿಕಟ್ಟು ಹಿಡಿದು ಕೇಳಿದರು, "ಈಸ್ತಿಯೇನ?"

"ಹೂಂ ಆಯಿ. ಈಗ ಹುಡುಗ್ಯಾರಿಗೆ ನಾನ ಕಲಸ್ತೇನಿ."

"ಹೋದ ಐತವಾರ ಎಷ್ಟ ಮಂದಿ ಇಳದಿದ್ರು?"

"ಒಂಬತ್ತ ಮಂದಿ."

"ಹೊರಗ ಬಂದವ್ರು ಎಷ್ಟ ಮಂದಿ?"

ನಾವಿಬ್ಬರೂ ನಕ್ಕೆವು. ಅವರು ನಗಲಿಲ್ಲ. ಹಿಡಿತವನ್ನೂ ಸಡಿಲಿಸಲಿಲ್ಲ.

"ಒಂಬತ್ತೂ ಮಂದಿ, ಆಯಿ" ಎಂದಳು ಗೀತಾ.

ಆಗ ಕೈ ಬಿಟ್ಟರು.